ಹೊಳೆಯುವುದನ್ನು ಬಿಡಿ, ಮೂಲೆಯ ಡಬ್ಬ ಕೇಳಿ

ಮೊದಲೇ ಹೇಳುತ್ತೇನೆ, ಈ ಅಂಗಡಿಗೆ ಬೋರ್ಡಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ಸಿಳಿದು ಬಂದರಿನ ಕಡೆ ನಡೆದರೆ ಒಣಮೆಣಸಿನ ಘಾಟು ಮೂಗಿಗೆ ಹೊಡೆಯುವ ಓಣಿಗಳು ಶುರುವಾಗುತ್ತವೆ ಅಲ್ವಾ? ಅಂಥ ಒಂದು ಓಣಿಯಲ್ಲಿ ಹಳೆ ಬಾಗಿಲು, ದಾರಂದ, ಹಿತ್ತಾಳೆ ಚೆಂಬು, ಕಾಲು ಮುರಿದ ಆರಾಮ ಕುರ್ಚಿ ಎಲ್ಲ ರಸ್ತೆಗೇ ಬಂದು ನಿಂತಿರುತ್ತವೆ. ಅದೇ ಅಂಗಡಿ. ಕೆಡವಿದ ಹಳೆ ಮನೆಗಳ ಸಾಮಾನು ಇಲ್ಲಿಗೆ ಬರುತ್ತದೆ. ಮಾಲೀಕರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ನಿವೃತ್ತಿಯಾದ ಮೇಲೆ ಹಿತ್ತಿಲಿನ ಸೌದೆ ಕೊಟ್ಟಿಗೆ ಖಾಲಿ ಮಾಡಿ ಮರಗೆಲಸ ಶುರು ಮಾಡಿದೆ. ಮಣೆ, ಸ್ಟೂಲು, ಮೊಮ್ಮಗಳ ಪುಸ್ತಕದ ಕಪಾಟು, ಅಷ್ಟೇ. ಉಳಿ, ಕೀಸುಳಿಗಿಂತ ನನಗೆ ಜಾಸ್ತಿ ಇಷ್ಟವಾದದ್ದು ಗೆರೆ ಎಳೆಯುವ ಸಾಮಾನುಗಳು. ಮೂಲೆ ನೆಟ್ಟಗಿದೆಯಾ ಎಂದು ನೋಡುವ ಮೂಲೆಮಟ್ಟ, ಕೈವಾರ, ಮಾರ್ಕಿಂಗ್ ಗೇಜು, ಮಡಚುವ ಅಡಿಕೋಲು. ಗೇಜು ಎಂದರೆ ಒಂದು ಮರದ ತುಂಡು, ಅದರಲ್ಲಿ ತೂರಿಸಿದ ಕಡ್ಡಿ, ಕಡ್ಡಿಯ ತುದಿಯಲ್ಲಿ ಮೊಳೆ. ತುಂಡನ್ನು ಹಲಗೆಯ ಅಂಚಿಗೆ ಆನಿಸಿ ಜಾರಿಸಿದರೆ ಮೊಳೆ ಅಂಚಿಗೆ ಸಮಾನಾಂತರವಾಗಿ ಗೆರೆ ಕೊರೆಯುತ್ತದೆ. ಆಶ್ಚರ್ಯ ಏನಿಲ್ಲ. ಜೀವಮಾನವಿಡೀ ಬೋರ್ಡಿನ ಮೇಲೆ ಗೆರೆ ಎಳೆದವಳಿಗೆ ಇನ್ನೇನು ಹಿಡಿಸುತ್ತದೆ?

ಹೊಸದು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಬಹುದು. ತೆಗೆದುಕೊಂಡಿದ್ದೆ. ಮೊಬೈಲಿನಲ್ಲಿ ನೋಡಿ 450 ರೂಪಾಯಿಗೆ ಒಂದು ಗೇಜು ತರಿಸಿದೆ. ಅದರ ಮೊಳೆ ನನ್ನ ಕಿರುಬೆರಳಿನ ಉಗುರಿಗಿಂತ ಮೊಂಡಾಗಿತ್ತು. ಹಲಗೆಯ ಮೇಲೆ ಎಳೆದರೆ ಗೆರೆ ಬರಲಿಲ್ಲ, ಬೆಕ್ಕು ಪರಚಿದ ಹಾಗೆ ಬಂತು. ನಮ್ಮ ಮನೆಗೆ ಮರಗೆಲಸಕ್ಕೆ ಬರುವ ಆಚಾರ್ರು ಅದನ್ನು ತಿರುಗಿಸಿ ನೋಡಿ, "ಟೀಚರೇ, ಇದು ಮಕ್ಕಳಿಗೆ ಆಡ್ಲಿಕ್ಕೆ ಆಯ್ತು" ಎಂದರು. ಈ ಅಂಗಡಿಯ ಬಗ್ಗೆ ಹೇಳಿದ್ದೂ ಅವರೇ.

ಎರಡು ವರ್ಷದಲ್ಲಿ ಏಳೆಂಟು ಸಲ ಹೋಗಿದ್ದೇನೆ. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಬೆಳಿಗ್ಗೆ ಹತ್ತೂವರೆಗೆ ಅಲ್ಲಿದ್ದರೆ ಒಳ್ಳೆಯದು. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿಗೆ ಬಾಗಿಲು ಹಾಕಿರುತ್ತಾರೆ. ಕಾರು ತರಲೇಬೇಡಿ. ಮೂಟೆ ಇಳಿಸುವ ಲಾರಿ ಒಂದು ಅಡ್ಡ ನಿಂತರೆ ನಿಮ್ಮ ಅರ್ಧ ದಿನ ಹೋಯಿತು.

ಒಳಗೆ ಹೋದ ಕೂಡಲೇ ಗಾಜಿನ ಕಪಾಟು ಕಾಣುತ್ತದೆ. ಅದರಲ್ಲಿರುವುದೆಲ್ಲ ಫಳಫಳ. ಹಿತ್ತಾಳೆಯ ತೂಗುಗುಂಡು, ಹಿತ್ತಾಳೆ ಪಟ್ಟಿಯ ಮೂಲೆಮಟ್ಟ, ಬೀಟೆ ಮರದ ಗೇಜು. ಬೆಲೆಯೂ ಹಾಗೇ ಫಳಫಳ. ರೆಸಾರ್ಟಿನವರು, ಕೆಫೆಯವರು ಬಂದು ಗೋಡೆಗೆ ನೇತು ಹಾಕಲಿಕ್ಕೆ ಕೊಂಡು ಹೋಗುತ್ತಾರಂತೆ. ತೂಗುಗುಂಡಿಗೆ 1,800 ಹೇಳಿದರು. ಗೋಡೆ ನೆಟ್ಟಗಿದೆಯಾ ಎಂದು ನೋಡಲಿಕ್ಕೆ ಹುಟ್ಟಿದ ಸಾಮಾನನ್ನು ಗೋಡೆಗೇ ಮೊಳೆ ಹೊಡೆದು ನೇತು ಹಾಕುವುದು! ಇರಲಿ.

ನಾನು ಮೋಸ ಹೋದದ್ದು ಈ ಕಪಾಟಿನಲ್ಲೇ. ಮೊದಲ ಸಲ ಹೋದಾಗ 900 ಕೊಟ್ಟು ಒಂದು ಬೀಟೆಯ ಗೇಜು ತಂದೆ. ಎರಡು ಮುಳ್ಳಿನದು. ಒಂದು ಮರದಲ್ಲಿ ಚೌಕದ ತೂತು ಕೊರೆದು ಇನ್ನೊಂದು ಮರದ ನಾಲಿಗೆಯನ್ನು ಅದಕ್ಕೆ ತೂರಿಸುತ್ತಾರಲ್ಲ, ಆ ತೂತಿನ ಎರಡೂ ಗೆರೆಗಳನ್ನು ಒಂದೇ ಎಳೆತಕ್ಕೆ ಹಾಕಲಿಕ್ಕೆ ಇದು. ಒಂದು ಮುಳ್ಳು ಕೂತಲ್ಲೇ ಇರುತ್ತದೆ. ಇನ್ನೊಂದು ಮುಳ್ಳು ಹಿತ್ತಾಳೆಯ ಪಟ್ಟಿಯ ಮೇಲಿದೆ, ಕಡ್ಡಿಯ ತುದಿಯ ತಿರುಪು ತಿರುಗಿಸಿದರೆ ಅದು ಸರಿಯುತ್ತದೆ. ಕೆಲಸ ಚಂದ, ಇಲ್ಲ ಎನ್ನುವುದಿಲ್ಲ. ಆದರೆ ಕಾಕಾನ ಹುಡುಗ ಅದನ್ನು ಉಜ್ಜುಕಾಗದದಲ್ಲಿ ಹೇಗೆ ತಿಕ್ಕಿದ್ದ ಎಂದರೆ, ಮುಳ್ಳುಗಳೂ ಸವೆದು ಗುಂಡಗಾಗಿದ್ದವು. ಹಿತ್ತಾಳೆಯ ಮೇಲಿನ ಅಕ್ಷರಗಳಲ್ಲಿ "ಫೀಲ್ಡ್" ಎಂಬಷ್ಟು ಮಾತ್ರ ಉಳಿದಿತ್ತು. ಶೆಫೀಲ್ಡ್ ಇರಬೇಕು. ಇಂಗ್ಲೆಂಡಿನ ಆ ಊರು ಉಳಿ, ಗರಗಸ, ಗೇಜುಗಳಿಗೆ ಹೆಸರುವಾಸಿ. ವಿಲಿಯಂ ಮಾರ್ಪಲ್ಸ್ ಕಂಪನಿ 1828ರಲ್ಲಿ ಶುರುವಾದದ್ದು ಅಲ್ಲೇ. ನನ್ನ ಗೇಜು ಅವರದ್ದೋ ಬೇರೆಯವರದ್ದೋ ಹೇಳಲಿಕ್ಕೆ ಈಗ ಸಾಧ್ಯವಿಲ್ಲ. ಹೆಸರನ್ನೇ ತಿಕ್ಕಿ ತೆಗೆದಾಗಿದೆ.

ಕಾಕಾನಿಗೆ ಹೇಳಿದೆ, "ಕಾಕಾ, ತಿಕ್ಕಬೇಡಿ. ಹಾಗೇ ಇಡಿ."

"ಟೀಚರೇ, ಹೊಳೀದಿದ್ರೆ ಯಾರು ತಕ್ಕೊಳ್ತಾರೆ?"

ಅದೂ ನಿಜವೇ.

ಆ ದಿನ ಹೊರಡುವಾಗ ಕಾಲಿಗೆ ಒಂದು ಡಾಲ್ಡಾ ಡಬ್ಬ ತಾಗಿತು. ತುಕ್ಕು ಹಿಡಿದ ತಿರುಪು, ಚಿಲಕದ ಕೊಂಡಿ, ಕತ್ತಿಯ ಹಿಡಿ, ಏನೇನೋ. ಅದರೊಳಗೆ ಕೈ ಹಾಕಿದೆ. ಈ ವಿಮರ್ಶೆ ಬರೆಯುತ್ತಿರುವುದು ನಿಜ ಹೇಳಬೇಕೆಂದರೆ ಆ ಡಬ್ಬದ ಸಲುವಾಗಿ.

ಅದರಲ್ಲಿ ಸಿಕ್ಕಿದ್ದು ನಮ್ಮ ಊರಿನದೇ ಒಂದು ಗೇಜು. ಅಂಗೈಯಷ್ಟು ಅಗಲದ ಹಲಸಿನ ಮರದ ತುಂಡು. ಅದರಲ್ಲಿ ಎರಡು ಚೌಕದ ತೂತು. ಎರಡರಲ್ಲೂ ಒಂದೊಂದು ಕಡ್ಡಿ. ಕಡ್ಡಿ ಅಲ್ಲಾಡದಂತೆ ಪಕ್ಕದಿಂದ ಬೆಣೆ. ತಿರುಪಿಲ್ಲ, ಹಿತ್ತಾಳೆಯಿಲ್ಲ. ಕಡ್ಡಿಯ ತುದಿಯಲ್ಲಿ ಮೊಳೆ ಇದ್ದ ಗುರುತು ಮಾತ್ರ. ಕೈ ಹಿಡಿದು ಹಿಡಿದು ಒಂದು ಬದಿ ಕಪ್ಪಗೆ, ನುಣ್ಣಗೆ ಆಗಿತ್ತು. ತುಂಡಿನ ಹಿಂದೆ ಉಳಿಯ ಮೂಲೆಯಿಂದ ಕೊರೆದ ಒಂದೇ ಅಕ್ಷರ: ಸು. ಸುಬ್ರಾಯನೋ ಸುಂದರನೋ ಗೊತ್ತಿಲ್ಲ. ಕಾಕಾ ಅದನ್ನು ನೋಡಿ ನಕ್ಕು, "ಇದು ಸೌದೆ ಟೀಚರೇ, 80 ಕೊಡಿ" ಎಂದರು.

80 ರೂಪಾಯಿಯ ಆ ಸೌದೆ 900ರ ಬೀಟೆಯನ್ನು ಸೋಲಿಸಿತು. ಹೇಗೆ ಅಂತ ಹೇಳುತ್ತೇನೆ.

ಎರಡು ಕಡ್ಡಿಗೂ ಬೇರೆ ಬೇರೆ ಮೊಳೆ. ಒಂದನ್ನು ತೂತಿನ ಹತ್ತಿರದ ಗೆರೆಗೆ, ಇನ್ನೊಂದನ್ನು ದೂರದ ಗೆರೆಗೆ ಹೊಂದಿಸಿಟ್ಟರೆ ಆಯಿತು. ಬೀಟೆಯದು ತಿರುಪು ತಿರುಗಿಸಿ ಮಾಡುವ ಕೆಲಸವನ್ನು ಇದು ಎರಡು ಬೆಣೆಯಲ್ಲಿ ಮಾಡುತ್ತದೆ. ಬೇಡದಿದ್ದರೆ ಒಂದು ಕಡ್ಡಿಯನ್ನು ಹಿಂದಕ್ಕೆ ಎಳೆದು, ಒಂದೇ ಗೆರೆಯ ಗೇಜು ಮಾಡಿಕೊಳ್ಳಬಹುದು. ಇನ್ನು ನಮ್ಮ ಮಳೆಗಾಲ. ಜುಲೈಯಲ್ಲಿ ಉಪ್ಪಿನ ಭರಣಿಯ ಬಾಯಿಯೇ ನೀರು ಬಿಡುವ ಊರಿದು. ಮರದ ತಿರುಪು ಇರುವ ಗೇಜುಗಳು ಆಗ ಉಬ್ಬಿ ಹಿಡಿದುಕೊಂಡು ಬಿಡುತ್ತವೆ, ಒತ್ತಿ ತಿರುಗಿಸಿದರೆ ತಿರುಪಿನ ಹಲ್ಲು ಹಾರುತ್ತದೆ. ಬೆಣೆ ಹಿಡಿದುಕೊಂಡರೆ ಸಣ್ಣ ಪೆಟ್ಟು ಕೊಟ್ಟರೆ ಸಾಕು, ಬಿಡುತ್ತದೆ. ಸು ಎಂಬವರಿಗೆ ಕರಾವಳಿಯ ಗಾಳಿ ಗೊತ್ತಿತ್ತು.

ಕಡ್ಡಿಗಳ ಮೇಲೆ ಮೂರು ಕಡೆ ಕತ್ತಿಯಿಂದ ಹಾಕಿದ ಸಣ್ಣ ಗಾಯಗಳಿದ್ದವು. ಮೊದಲು ಏಟು ಬಿದ್ದದ್ದು ಅಂದುಕೊಂಡೆ. ತೊಳೆದು ನೋಡಿದರೆ ಮೂರೂ ನೆಟ್ಟಗಿನ ಗೆರೆ. ಆಚಾರ್ರಿಗೆ ತೋರಿಸಿದೆ. ಅವರು ಅಡಿಕೋಲು ಹಿಡಿದು ನೋಡಿ, ಅರ್ಧ ಇಂಚಿನದು ದಾರಂದದಲ್ಲಿ ಬಾಗಿಲು ಬಂದು ಕೂರುವ ಮೆಟ್ಟಿಲಿನ ಆಳ, ಒಂದೂಕಾಲಿನದು ಬಾಗಿಲಿನ ದಪ್ಪ ಎಂದರು. ಮೂರನೆಯದು ಅವರಿಗೂ ಗೊತ್ತಾಗಲಿಲ್ಲ. ದಿನಾ ಬಾಗಿಲು ಮಾಡುವವನಿಗೆ ದಿನಾ ಅಳತೆ ಯಾಕೆ? ಗುರುತಿಗೆ ತಂದು ನಿಲ್ಲಿಸಿ ಬೆಣೆ ಹೊಡೆದರೆ ಮುಗಿಯಿತು. ಈ ಮೂರನೆಯ ಗುರುತು ನನ್ನನ್ನು ಈಗಲೂ ಕಾಡುತ್ತದೆ. ಎರಡು ಇಂಚಿಗೆ ಒಂದು ಅರೆಕಾಲು, ಅಂದರೆ ಇಂಚಿನ ಎಂಟರಲ್ಲಿ ಒಂದು ಭಾಗ, ಕಡಿಮೆ. ನಿಮ್ಮ ಮನೆಗೆ ಹಳೆ ಕಾಲದ ಆಚಾರ್ರು ಬರುತ್ತಿದ್ದರೆ ಕೇಳಿ ನೋಡಿ.

ಮೊಳೆ ನಾನೇ ಹಾಕಿದೆ. ಹೊಲಿಗೆ ಮೆಷಿನ್ನಿನ ಸೂಜಿ ಮುರಿದು, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಸ್ವಲ್ಪ ಉಬ್ಬು ಇರುವಂತೆ ಸಾಣೆ ಹಿಡಿದೆ. ದುಂಡು ಮೊಳೆ ಮರವನ್ನು ಹರಿಯುತ್ತದೆ, ಚಪ್ಪಟೆ ಮೊಳೆ ಕೊಯ್ಯುತ್ತದೆ. ಎರಡು ಮಿಲಿಮೀಟರಿಗಿಂತ ಜಾಸ್ತಿ ಹೊರಗೆ ಬಿಡಲಿಲ್ಲ. ಮೊದಲ ಎಳೆತ ಹಗುರವಾಗಿ, ನಮ್ಮಿಂದ ಆಚೆಗೆ ತಳ್ಳುತ್ತ ಎಳೆಯಬೇಕು. ಮೊದಲ ಸಲವೇ ಒತ್ತಿದರೆ ಮೊಳೆ ಮರದ ನಾರಿನ ಹಿಂದೆ ಹೋಗುತ್ತದೆ, ನಾವು ಹೇಳಿದ ಕಡೆ ಬರುವುದಿಲ್ಲ. ಹತ್ತನೇ ಕ್ಲಾಸಿನ ಹುಡುಗರ ಹಾಗೆ. ನಾರಿಗೆ ಅಡ್ಡ ಗೆರೆ ಬೇಕಾದರೆ ಮೊಳೆಯ ಗೇಜು ಬೇಡ, ಸಣ್ಣ ಬ್ಲೇಡಿನದು ಬೇಕು. ಇಲ್ಲವಾದರೆ ಮೂಲೆಮಟ್ಟ ಹಿಡಿದು ಚೂರಿಯಲ್ಲಿ ಎಳೆಯಿರಿ.

ಪೆನ್ಸಿಲ್ ಸಾಲದಾ ಅಂತ ನನ್ನ ಮಗ ಕೇಳುತ್ತಾನೆ. ಸಾಲದು. ಮೊಂಡು ಪೆನ್ಸಿಲಿನ ಗೆರೆಯೇ ಅರ್ಧ ಮಿಲಿಮೀಟರ್ ದಪ್ಪ. ಗರಗಸ ಆ ಗೆರೆಯ ಎಡಕ್ಕೋ ಬಲಕ್ಕೋ ನಡುವಿಗೋ? ನಾಲ್ಕು ಕಾಲಿನಲ್ಲಿ ನಾಲ್ಕು ತರ ಕೊಯ್ದರೆ ಸ್ಟೂಲು ಕುಣಿಯುತ್ತದೆ. ನನ್ನ ಮೊದಲ ಸ್ಟೂಲು ಈಗಲೂ ಬಚ್ಚಲಲ್ಲಿ ಕುಣಿಯುತ್ತಿದೆ. ಚೂರಿಯ ಗೆರೆಗೆ ದಪ್ಪವೇ ಇಲ್ಲ. ರೇಖೆಗೆ ಉದ್ದ ಮಾತ್ರ, ಅಗಲ ಇಲ್ಲ ಎಂದು 31 ವರ್ಷ ಪಾಠ ಹೇಳಿದೆ. ಕೈಯಲ್ಲಿ ಮುಟ್ಟಿದ್ದು ಈಗ. ಉಳಿಯ ಬಾಯಿ ಆ ಗೆರೆಯೊಳಗೆ ತಾನಾಗಿ ಹೋಗಿ ಕೂರುತ್ತದೆ.

ಅಂದ ಹಾಗೆ, ಈಗ ಮಂಗಳೂರಿನಲ್ಲಿ ಪ್ಲೈವುಡ್ ಕೆಲಸಕ್ಕೆ ಬರುವ ಉತ್ತರದ ಹುಡುಗರು ಗೇಜಿಗೆ ಖತ್‌ಕಶ್ ಅನ್ನುತ್ತಾರೆ. ಒಬ್ಬ ಹುಡುಗ ಕಾಕಾನ ಅಂಗಡಿಯಲ್ಲಿ ನನ್ನ ಕೈಯಲ್ಲಿದ್ದದ್ದನ್ನು ನೋಡಿ ಆ ಹೆಸರು ಹೇಳಿದ. ಅವನ ಅಜ್ಜನ ಹತ್ತಿರವೂ ಎರಡು ಕಡ್ಡಿಯದೇ ಇತ್ತಂತೆ.

ಇನ್ನು ಮೂಲೆಮಟ್ಟ. ಇದನ್ನು ಇಲ್ಲಿ ಪರೀಕ್ಷೆ ಮಾಡದೆ ಕೊಳ್ಳಬೇಡಿ. ನಾನು ಚೀಲದಲ್ಲಿ ಒಂದು ಬದಿ ನೆಟ್ಟಗೆ ಕೀಸಿದ ಸಣ್ಣ ಹಲಗೆ ಇಟ್ಟುಕೊಂಡು ಹೋಗುತ್ತೇನೆ. ಮೂಲೆಮಟ್ಟವನ್ನು ಅದರ ಅಂಚಿಗೆ ಒತ್ತಿ ಒಂದು ಗೆರೆ ಎಳೆಯಿರಿ. ಆಮೇಲೆ ಮಗುಚಿ, ಅದೇ ಜಾಗದಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ 90 ಡಿಗ್ರಿ. ಕವಲೊಡೆದರೆ ಇಲ್ಲ. ಕಾಣುವ ಅಂತರ ನಿಜವಾದ ತಪ್ಪಿನ ಎರಡು ಪಟ್ಟು, ಹಾಗಾಗಿ ಸಣ್ಣ ತಪ್ಪೂ ಅಡಗಿ ಕೂರುವುದಿಲ್ಲ. ಕಾಕಾನ ಅಂಗಡಿಯಲ್ಲಿ ಆರು ಮೂಲೆಮಟ್ಟ ನೋಡಿದೆ. ಐದು ಫೇಲು. ಪಾಸಾದದ್ದು ಬಹಳ ಕೊಳಕಾಗಿದ್ದ ಒಂದು ಮಾತ್ರ. ಹೊಳೆಯುವವು ಐದೂ ಎಲ್ಲೋ ಬಿದ್ದು ಪೆಟ್ಟು ತಿಂದವು. "ಟೀಚರ್ ಮಾರ್ಕು ಹಾಕ್ತಾ ಇದ್ದಾರೆ" ಎಂದು ಅಂಗಡಿಯ ಹುಡುಗ ನಕ್ಕ. ಹಾಕಿದ್ದೇ ನಿಜ.

ಒಂದೇ ತಗಡಿನ, ಎಲ್ ಆಕಾರದ ದೊಡ್ಡ ಕಬ್ಬಿಣದ ಮಟ್ಟವಾದರೆ ಸರಿ ಮಾಡಬಹುದು. ಒಳ ಮೂಲೆಯ ಹತ್ತಿರ ಸುತ್ತಿಗೆ, ಪಂಚು ಇಟ್ಟು ಪೆಟ್ಟು ಕೊಟ್ಟರೆ ಲೋಹ ಹರಡಿ ಮೂಲೆ ಅಗಲವಾಗುತ್ತದೆ. ಹೊರ ಮೂಲೆಯ ಹತ್ತಿರ ಕೊಟ್ಟರೆ ಕಿರಿದಾಗುತ್ತದೆ. ಮರದ ಹಿಡಿಯದಕ್ಕೆ ಇದು ನಡೆಯುವುದಿಲ್ಲ, ಅರದಲ್ಲಿ ಉಜ್ಜುತ್ತ ಕೂರಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ.

ಮಡಚುವ ಅಡಿಕೋಲಿಗೆ ಮಾತ್ರ ಈ ಅಂಗಡಿಗೆ ಪೂರ್ತಿ ಅಂಕ. ಬಾಕ್ಸ್‌ವುಡ್ ಎಂಬ ಹಳದಿ ಮರದ್ದು, ಎರಡು ಅಡಿಯದು, ನಾಲ್ಕು ಮಡಿಕೆ, ಹಿತ್ತಾಳೆಯ ಕೀಲು. ಮಡಚಿದರೆ ಆರು ಇಂಚು, ಸೊಂಟಕ್ಕೆ ಸಿಕ್ಕಿಸಬಹುದು. 250 ರೂಪಾಯಿ. ರಾಬೋನ್ ಎಂಬ ಹೆಸರು ಇನ್ನೂ ಓದಲಿಕ್ಕೆ ಬರುತ್ತದೆ. ಬರ್ಮಿಂಗ್‌ಹ್ಯಾಮಿನ ಕಂಪನಿ, 1784ರಿಂದ ಇದ್ದದ್ದು. 1963ರಲ್ಲಿ ಶೆಫೀಲ್ಡಿನ ಚೆಸ್ಟರ್‌ಮನ್ ಜೊತೆ ಸೇರಿ ರಾಬೋನ್ ಚೆಸ್ಟರ್‌ಮನ್ ಆಯಿತು. ನನ್ನದರಲ್ಲಿ ಬರೀ ರಾಬೋನ್ ಇದೆ. ಹಾಗಾಗಿ ಅದಕ್ಕಿಂತ ಹಿಂದಿನದು ಇರಬೇಕು ಎಂಬುದು ನನ್ನ ಲೆಕ್ಕ.

ಇದರ ಮೇಲೆ ಇಂಚನ್ನು ಎಂಟು ಭಾಗ, ಹದಿನಾರು ಭಾಗ ಮಾಡಿದ್ದಾರೆ. ನನ್ನ ಅಜ್ಜಿ ಕಾಲು, ಅರೆಕಾಲು, ವೀಸ ಎಂದು ಮಗ್ಗಿ ಹೇಳುತ್ತಿದ್ದರು. ಅರೆಕಾಲು ಎಂದರೆ ಎಂಟರಲ್ಲಿ ಒಂದು, ವೀಸ ಎಂದರೆ ಹದಿನಾರರಲ್ಲಿ ಒಂದು. ಬರ್ಮಿಂಗ್‌ಹ್ಯಾಮಿನ ಕೋಲು ನಮ್ಮಜ್ಜಿಯ ಮಗ್ಗಿಗೆ ಸರಿಯಾಗಿ ಹೊಂದಿಕೊಂಡು ಬಿಟ್ಟಿತು! ಮೀಟರಿನ ಕಾನೂನು ಬಂದದ್ದು 1956ರಲ್ಲಿ. ನಮ್ಮ ಆಚಾರ್ರ ಬಾಯಲ್ಲಿ ಮಿಲಿಮೀಟರು ಬರುವುದು ಪ್ಲೈವುಡ್ಡಿಗೆ ಮಾತ್ರ.

ಹಳೆ ಅಡಿಕೋಲು ಕೊಳ್ಳುವವರು ಒಂದು ವಿಷಯ ನೋಡಿ. ತುದಿ ಸವೆದಿರುತ್ತದೆ. ಸೊನ್ನೆಯಿಂದ ಅಳೆಯಬೇಡಿ. ಒಂದು ಇಂಚಿನ ಗೆರೆಯಿಂದ ಶುರು ಮಾಡಿ, ಕೊನೆಯಲ್ಲಿ ಒಂದು ಕಳೆಯಿರಿ. ಕಳೆಯುವುದನ್ನು ಮರೆಯಬೇಡಿ. ಕಪಾಟಿನ ಒಂದು ಹಲಗೆಯನ್ನು ನಾನು ಒಂದು ಇಂಚು ಗಿಡ್ಡ ಕೊಯ್ದು, ಗಣಿತದ ಟೀಚರ್ ಎಂದು ಮನೆಯಲ್ಲಿ ಹೇಳಿಸಿಕೊಂಡಿದ್ದೇನೆ.

ಕೈವಾರಕ್ಕೆ ಈ ಅಂಗಡಿಯಲ್ಲಿ ಬೇಕಾದಷ್ಟಿದೆ. 150ರಿಂದ 300. ಎರಡು ಕಾಲೂ ಚೂಪಿರುವ ಕಬ್ಬಿಣದ್ದು ತೆಗೆದುಕೊಳ್ಳಿ, ಕಮಾನಿನ ಮೇಲೆ ಬಿಗಿಯುವ ತಿರುಪು ಇರಬೇಕು. ಶಾಲೆಯಲ್ಲಿ ವೃತ್ತ ಎಳೆಯಲಿಕ್ಕೆ ಬಳಸಿದ್ದೆ. ಮರಗೆಲಸದಲ್ಲಿ ಅದರ ದೊಡ್ಡ ಉಪಕಾರ ಬೇರೆ ಇದೆ. ನಮ್ಮದು ಮುರಕಲ್ಲಿನ ಗೋಡೆ, ಸಾರಣೆ ಉಬ್ಬುತಗ್ಗು. ಕಪಾಟು ತಂದು ಆನಿಸಿದರೆ ಹಿಂದೆ ಹಲ್ಲಿ ಸಂಸಾರ ಮಾಡುವಷ್ಟು ಸಂದು. ಆಗ ಹಲಗೆಯನ್ನು ಗೋಡೆಗೆ ಹಿಡಿದು ಕೈವಾರದ ಒಂದು ಕಾಲನ್ನು ಗೋಡೆಯ ಮೇಲೆ ಜಾರಿಸುತ್ತ ಬರಬೇಕು. ಇನ್ನೊಂದು ಕಾಲು ಹಲಗೆಯ ಮೇಲೆ ಗೋಡೆಯ ಚಿತ್ರವನ್ನೇ ಬರೆಯುತ್ತದೆ. ಕೈವಾರವನ್ನು ವಾಲಿಸಬಾರದು, ಅಷ್ಟೇ. ಆ ಗೆರೆಗೆ ಕೊಯ್ದರೆ ಹಲಗೆ ಗೋಡೆಗೆ ಅಂಟಿದ ಹಾಗೆ ಕೂರುತ್ತದೆ. ಮೊದಲ ಸಲ ಹಾಗೆ ಕೂತಾಗ ನಾನು ನೆರೆಮನೆಯವರನ್ನು ಕರೆದು ತೋರಿಸಿದೆ. ಅವರು ಕಪಾಟು ನೋಡಿ ಚಂದ ಉಂಟು ಎಂದರು. ಸಂದು ಇಲ್ಲದ್ದನ್ನು ಯಾರೂ ನೋಡುವುದಿಲ್ಲ ಮಾರಾಯ್ರೇ.

ಅಂಗಡಿಯ ಮೇಲೆ ನನಗೆ ಒಂದು ದೊಡ್ಡ ಸಿಟ್ಟಿದೆ. ಕಳೆದ ಸಲ ಹೋದಾಗ ಬಾಗಿಲ ಹತ್ತಿರ ಚಹಾಕ್ಕೆ ಒಲೆ ಹಚ್ಚಿದ್ದರು. ಸೌದೆಯ ರಾಶಿಯಲ್ಲಿ ಒಂದು ಕಡ್ಡಿ ಕಂಡಿತು. ಒಂದು ಅಡಿಗಿಂತ ಸ್ವಲ್ಪ ಉದ್ದ, ಎರಡೂ ತುದಿಯಲ್ಲಿ ಕಚ್ಚು. ರೀಪು, ಅಂದರೆ ಹೆಂಚು ಕೂರಿಸುವ ಮಾಡಿನ ಮರದ ಪಟ್ಟಿ, ಹೊಡೆಯುವವರ ಅಳತೆಕಡ್ಡಿ ಅದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಒಂದೇ ಅಳತೆಯ ಹೆಂಚು ಬಂತು. ಹೆಂಚು ಒಂದೇ ಅಳತೆ ಎಂದ ಮೇಲೆ ರೀಪಿನಿಂದ ರೀಪಿಗೆ ಅಂತರವೂ ಒಂದೇ ಇರಬೇಕು. ಇಲ್ಲವಾದರೆ ಹೆಂಚಿನ ಕಿವಿ ರೀಪಿಗೆ ಸಿಗುವುದಿಲ್ಲ. ಮಾಡಿನ ಮೇಲೆ ಕೂತವನು ಅಡಿಕೋಲು ಬಿಚ್ಚುತ್ತ ಕೂರುವುದಿಲ್ಲ. ಇಂಥದ್ದೊಂದು ಕಡ್ಡಿ ಇಟ್ಟು, ಹೊಡೆದು, ಮುಂದಕ್ಕೆ ಸರಿಯುತ್ತಾನೆ. ನಾನು ಅದನ್ನು ಎತ್ತಿಕೊಂಡಾಗ ಕಾಕಾ, "ಅದು ಬೇಕಾ? ಹಾಗೇ ತಕ್ಕೊಂಡು ಹೋಗಿ" ಎಂದರು. ಎಷ್ಟು ಇಂಥವು ಚಹಾ ಕಾಯಿಸಿವೆಯೋ!

ಇನ್ನೊಂದು ಬುದ್ಧಿಮಾತು, ನನ್ನ ಜೇಬಿಗೆ ಕತ್ತರಿ ಬಿದ್ದು ಕಲಿತದ್ದು. ಅಂಗಡಿಯಲ್ಲಿ ನಿಮ್ಮ ತಿಳಿವಳಿಕೆ ತೋರಿಸಬೇಡಿ. ಒಂದು ಕೈವಾರದ ಮೇಲೆ ಬಾಣದ ಗುರುತಿತ್ತು. "ಕಾಕಾ, ಇದು ಬ್ರಿಟಿಷ್ ಸರ್ಕಾರದ ಸ್ವತ್ತು ಎಂಬ ಮುದ್ರೆ, ಸೈನ್ಯದ ಸಾಮಾನಿಗೆಲ್ಲ ಹೊಡೆಯುತ್ತಿದ್ದರು" ಎಂದು ಪಾಠ ಶುರು ಮಾಡಿದೆ. ಕಾಕಾ ಶ್ರದ್ಧೆಯಿಂದ ಕೇಳಿದರು. ಪಾಠ ಮುಗಿಯುವಾಗ 200 ಇದ್ದದ್ದು 350 ಆಗಿತ್ತು. ಕೊಟ್ಟೆ, ಇನ್ನೇನು ಮಾಡುವುದು?

ಬಿಲ್ಲು ಕೊಡುವುದಿಲ್ಲ. ಯುಪಿಐ ಇದೆ. ವಾಪಸು ತೆಗೆದುಕೊಳ್ಳುವುದಿಲ್ಲ, ಆದರೆ ಬದಲಿಗೆ ಬೇರೆ ಕೊಡುತ್ತಾರೆ. ನನ್ನ ಬೀಟೆಯ ಗೇಜಿಗೆ ಬದಲು ಕೇಳಿದ್ದೆ, ಎರಡು ಕೈವಾರ ಕೊಡುತ್ತೇನೆ ಎಂದರು. ಯೋಚನೆ ಮಾಡಿ ಬೇಡ ಎಂದೆ. ಫ್ಯಾನು ಒಂದೇ, ಅದು ಕಾಕಾನ ಕಡೆಗೇ ತಿರುಗಿರುತ್ತದೆ. ಕೂರಲಿಕ್ಕೆ ಕೇಳಿದರೆ ಮಾರಾಟದ ಕುರ್ಚಿಯನ್ನೇ ಎಳೆದು ಕೊಡುತ್ತಾರೆ.

ತಂದ ಮೇಲೆ ಏನು ಮಾಡಬೇಕು ಎಂದರೆ, ಸೀಮೆಎಣ್ಣೆ ಸಿಕ್ಕರೆ ಅದರಲ್ಲಿ ಒಂದು ರಾತ್ರಿ ಕಬ್ಬಿಣದ ಭಾಗ ನೆನೆಸಿ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬಿನಲ್ಲಿ ಮೆಲ್ಲಗೆ ಉಜ್ಜಿ. ಆಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆ. ತೆಂಗಿನೆಣ್ಣೆ ಬೇಡ, ಕೆಲವು ತಿಂಗಳಿಗೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಮಳೆಗಾಲದಲ್ಲಿ ನಾನು ಪೆಟ್ಟಿಗೆಯೊಳಗೆ ಒಂದು ಕರ್ಪೂರ ಇಡುತ್ತೇನೆ. ಆಚಾರ್ರು ಹೇಳಿಕೊಟ್ಟದ್ದು. ಮರದ ಭಾಗದ ಕಪ್ಪನ್ನು ಮಾತ್ರ ತೆಗೆಯಬೇಡಿ. ಅದು ಕೊಳೆ ಅಲ್ಲ, ಯಾರದ್ದೋ ಕೈ.

ಅಂಕ ಕೊಡಲೇಬೇಕು ಎಂದರೆ ಗಾಜಿನ ಕಪಾಟಿಗೆ ಹತ್ತಕ್ಕೆ ನಾಲ್ಕು, ಡಾಲ್ಡಾ ಡಬ್ಬಕ್ಕೆ ಒಂಬತ್ತು. ಒಂದು ಅಂಕ ಕಡಿದದ್ದು ಒಲೆಯ ಸಲುವಾಗಿ.

ಕಳೆದ ಸಲ ಡಬ್ಬದ ತಳದಲ್ಲಿ ಒಂದು ದೊಡ್ಡ ಕೈವಾರದ ಕಾಲು ಸಿಕ್ಕಿತು. ಮೊಣಕೈಯಷ್ಟು ಉದ್ದ, ಕುಲುಮೆಯಲ್ಲಿ ಬಡಿದು ಮಾಡಿದ್ದು. ಒಂದೇ ಕಾಲು. ಇನ್ನೊಂದು ಗೋದಾಮಿನಲ್ಲಿ ಎಲ್ಲೋ ಇರಬೇಕು, ಸಿಕ್ಕರೆ ಫೋನ್ ಮಾಡುತ್ತೇನೆ ಎಂದು ಕಾಕಾ ನಂಬರು ಬರೆದುಕೊಂಡಿದ್ದಾರೆ. ನನ್ನ ಕಾಲನ್ನು ತಂದು ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಫೋನು ಇನ್ನೂ ಬಂದಿಲ್ಲ.